ನೀಲಿ ಚೌಕುಳಿಯ ಗೊಂಬೆ

ನವೆಂಬರ್ ೧೯, ಬುಧವಾರ, ಮಧ್ಯಾಹ್ನ

ನನ್ನ ಹಟಮಾರಿ ಮಗಳಿಗೆ,

ಅಮ್ಮ ಬರೆಯುತ್ತಿದ್ದಾಳೆ. ಕ್ಷೇಮವಾ ಅಂತ ಕೇಳುವುದಿಲ್ಲ. ಏಳು ವಾರದಿಂದ ಆಸ್ಪತ್ರೆಯ ಮಂಚದ ಮೇಲಿರುವವಳನ್ನು ಹಾಗೆ ಕೇಳುವಷ್ಟು ಬುದ್ಧಿಗೇಡಿ ನಾನಲ್ಲ. ಗಾಯ ಒಣಗುತ್ತಿದೆ, ಜ್ವರ ಬಿಟ್ಟಿದೆ ಅಂತ ದಾದಿ ನಿನ್ನ ಗಂಡನಿಗೆ ಹೇಳಿದಳಂತೆ, ಅವನು ನನಗೆ ಹೇಳಿದ. ನನಗೆ ಅಷ್ಟು ಸಾಕು.

ಇದು ನನ್ನ ಆರನೆಯ ಕಾಗದ. ಹಿಂದಿನ ಐದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರೆ ತೆಗೆದು ಹರಿದುಹಾಕು. ಅವುಗಳಲ್ಲಿ ಇರುವುದೆಲ್ಲ ಸುಳ್ಳು. ನಿನ್ನ ಮಗಳು ಗುಂಡಿ ಚೆನ್ನಾಗಿದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ಅಮ್ಮ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾಳೆ ಅಂತ ನಂಬಿಕೊಂಡು ಆಡಿಕೊಂಡಿದ್ದಾಳೆ ಅಂತ ಬರೆದಿದ್ದೆ. ಹಾಗೆ ಹೇಳಬೇಕು ಅಂತ ನೀನೇ ಕಟ್ಟಪ್ಪಣೆ ಮಾಡಿದ್ದೆ. ಹೊಸ ಕಾಲು ಬರಲಿ, ನಾನು ನಡೆದುಕೊಂಡೇ ಮನೆ ಬಾಗಿಲಿಗೆ ಬರುತ್ತೇನೆ, ಅಲ್ಲಿಯವರೆಗೆ ನನ್ನ ಮಗಳು ನನ್ನನ್ನು ನೋಡಬಾರದು, ಅವಳಿಗೆ ಏನೂ ಗೊತ್ತಾಗಬಾರದು ಅಂದೆ. ನಾನೂ ತಲೆಯಾಡಿಸಿದೆ. ಹೊಸ ಕಾಲಿಗೆ ಇನ್ನೂ ಐದಾರು ತಿಂಗಳಾಗಬಹುದು ಅಂತ ಡಾಕ್ಟರು ಹೇಳಿದ ಮೇಲೂ ನೀನು ಮಾತು ಬದಲಿಸಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ತಾನೇ, ಬದಲಿಸುವುದಾದರೂ ಹೇಗೆ.

ಈಗ ಕೇಳು. ಮಗುವಿಗೆ ಎಲ್ಲ ಗೊತ್ತು. ಯಾರೂ ಹೇಳಲಿಲ್ಲ; ಗೊತ್ತಾದದ್ದು ನನ್ನಿಂದ. ಒಂಬತ್ತು ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದೂ ನನ್ನಿಂದ. ಹೇಗೆ ಅಂತ ಒಂದೊಂದಾಗಿ ಬರೆಯುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಲ್ಲಲ್ಲಿ ಎಡವಿದರೆ ನೀನೇ ಸರಿಮಾಡಿ ಓದಿಕೊ.

ನೀನು ಮಲಗಿದ ಎರಡು ವಾರಕ್ಕೆ ಗುಂಡಿಯನ್ನು ಮತ್ತೆ ಶಿಶುವಿಹಾರಕ್ಕೆ ಬಿಡಲು ಹೋದೆ. ಅಲ್ಲಿಯವರೆಗೆ ದಿನಾ ನೀನೇ ಬಿಟ್ಟು ಬರುತ್ತಿದ್ದೆಯಲ್ಲ, ನಾನು ಒಳಗೆ ಕಾಲಿಟ್ಟವಳೇ ಅಲ್ಲ. ಮೊದಲು ಬಣ್ಣದ ಡಬ್ಬಿಗಳ ಗೋದಾಮಾಗಿತ್ತಂತೆ, ಈಗಲೂ ಮೂಲೆಯಲ್ಲಿ ಟರ್ಪೆಂಟೈನ್ ವಾಸನೆ. ಗೋಡೆಯ ಕೊಕ್ಕೆಗಳ ಮೇಲೆ ಹೆಸರಿಲ್ಲ, ಒಂದೊಂದು ಚಿತ್ರ. ನಮ್ಮವಳ ಕೊಕ್ಕೆಗೆ ಛತ್ರಿ. ಬೋರ್ಡಿಲ್ಲ, ಸ್ಲೇಟಿಲ್ಲ. ಒಂದು ತೊಟ್ಟಿಯಲ್ಲಿ ಮರಳು, ಒಂದರಲ್ಲಿ ನೀರು, ರಾಶಿ ರಟ್ಟಿನ ಪೆಟ್ಟಿಗೆ, ಹಳೇ ಕೊಳವೆ, ಮುಚ್ಚಳ, ಜೇಡಿಮಣ್ಣು. ಹದಿನಾಲ್ಕು ಮಕ್ಕಳು ಅದರಲ್ಲೇ ಬಿದ್ದು ಹೊರಳಾಡುತ್ತಿವೆ. ನನಗೆ ಪಿತ್ತ ನೆತ್ತಿಗೇರಿತು. ಟೀಚರಮ್ಮನನ್ನು ಕರೆದು, ಮಣ್ಣಲ್ಲಿ ಆಡಿಸೋದಕ್ಕೆ ನಿನಗೆ ಫೀಸು ಬೇರೆ ಕೊಡಬೇಕಾ, ಬೀದಿ ಏನು ಮುಚ್ಚಿಬಿಟ್ಟಿದಾರಾ ಅಂತ ಕೇಳಿಯೇಬಿಟ್ಟೆ. ಆಟದಲ್ಲೇ ಮಕ್ಕಳು ಕಲಿಯುತ್ತಾರೆ ಅಜ್ಜಿ ಅಂದಳು. ನಾನೂ ಎಂಟು ವರ್ಷ ಬೀದಿಯಲ್ಲಿ ಆಡಿದವಳೇ, ಬೈಯುವುದೊಂದು ಬಿಟ್ಟು ಏನೂ ಕಲಿಯಲಿಲ್ಲ ಅಂದೆ. ಅದನ್ನ ಚೆನ್ನಾಗೇ ಕಲಿತಿದೀರಿ ಅಂತ ನಕ್ಕಳು. ನಿನಗಿಂತ ಚಿಕ್ಕವಳು. ಬಾಯಿ ಮಾತ್ರ ನನ್ನ ವಯಸ್ಸಿನದು.

ಅವತ್ತೇ ಚೀಟಿ ಕೊಟ್ಟು ಕಳಿಸಿದಳು: ಮನೆಯಲ್ಲಿ ಚೂರುಬಟ್ಟೆ ಇದ್ದರೆ ಕೊಡಿ, ಮಕ್ಕಳು ಏನಾದರೂ ಮಾಡಿಕೊಳ್ಳುತ್ತಾರೆ ಅಂತ. ದರ್ಜಿಯ ಮನೆಯಲ್ಲಿ ಚೂರುಬಟ್ಟೆಗೆ ಬರವೇ. ತುಂಬಿ ಇಟ್ಟೆ ಒಂದು ಚೀಲ.

ಆ ವಾರವೇ ನೀನು ಹೇಳಿ ಕಳಿಸಿದ್ದೆ, ಆಸ್ಪತ್ರೆಯ ಬಟ್ಟೆ ಒರಟು, ನನ್ನ ನೀಲಿ ಚೌಕುಳಿಯ ಪೈಜಾಮಗಳನ್ನೇ ಸರಿಮಾಡಿ ಕೊಡು ಅಂತ. ಮಧ್ಯಾಹ್ನ ಕಿಟಕಿಯ ಪಕ್ಕ ಮಿಷನ್ ಮುಂದೆ ಕೂತು ಎರಡನ್ನೂ ಮಾಡಿದೆ. ಬಲಗಾಲನ್ನು ಮಂಡಿಯ ಮೇಲೆ ಗುರುತು ಹಾಕಿ ಕತ್ತರಿಸಿ, ಮಡಚಿ, ಎರಡು ಸಾಲು ಹೊಲಿಗೆ ಹಾಕಿದೆ. ನಲವತ್ತು ವರ್ಷ ಕತ್ತರಿ ಹಿಡಿದಿದ್ದೇನೆ, ಅವತ್ತು ಹಿಡಿದ ಹಾಗೆ ಯಾವತ್ತೂ ಹಿಡಿದಿಲ್ಲ. ಆ ಮಾತು ಬಿಡು. ಗುಂಡಿ ಎಂದಿನ ಹಾಗೆ ಮಿಷನ್ನಿನ ಕೆಳಗೆ ಕೂತು ದಾರದ ಬಾಬಿನ್‌ಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳು. ನಾಲ್ಕೂವರೆ ವರ್ಷದ ಮಗುವಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ಅವಳು ತಲೆಯೆತ್ತಿ ಕೇಳಿದಳು, "ಅಜ್ಜಿ, ಅಮ್ಮನ ಪೈಜಾಮ ಯಾಕೆ ಒಂದು ಕಡೆ ಗಿಡ್ಡ?"

"ಬಟ್ಟೆ ಸಾಲಲಿಲ್ಲ" ಅಂದೆ.

ಕತ್ತರಿಸಿ ಹಾಕಿದ ಎರಡು ತುಂಡೂ ನನ್ನ ಪಾದದ ಹತ್ತಿರವೇ ಬಿದ್ದಿದ್ದವು. ಅವಳ ಮೂಗಿನ ಮುಂದೆ. ದರ್ಜಿಯ ಮೊಮ್ಮಗಳಿಗೆ ಹೇಳುವ ಸುಳ್ಳಾ ಅದು? ಅವಳು ತುಂಡನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬಾಬಿನ್ ಜೋಡಿಸಿದಳು. ನಾನು ಗೆದ್ದೆ ಅಂದುಕೊಂಡು ಆ ತುಂಡುಗಳಲ್ಲಿ ಒಂದನ್ನು ಶಿಶುವಿಹಾರದ ಚೀಲಕ್ಕೆ ತುರುಕಿದೆ. ಅವಳ ಅಪ್ಪ ಪೈಜಾಮಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಅಮ್ಮನಿಗೆ ಕೊಟ್ಟು ಬರುತ್ತೇನೆ ಅಂತ ಹೊರಟಾಗಲೂ ಅವಳು ಬಾಗಿಲಲ್ಲೇ ನಿಂತಿದ್ದಳು.

ಆಮೇಲೆ ಕುಂಟುವುದು ಶುರುವಾಯಿತು. ಮೊದಲು ಕುಂಟೆಬಿಲ್ಲೆ ಆಡುತ್ತಿದ್ದಾಳೆ ಅಂದುಕೊಂಡೆ. ಆದರೆ ಬಿಲ್ಲೆಯೂ ಇಲ್ಲ, ಗೆರೆಯೂ ಇಲ್ಲ. ಹಾಸಿಗೆಯಿಂದ ಬಚ್ಚಲಿಗೆ ಒಂದೇ ಕಾಲಿನಲ್ಲಿ ಹೋಗುವುದು. ಅಡುಗೆಮನೆಯ ಹೊಸ್ತಿಲು ದಾಟಲಾರದೆ ಬೀಳುವುದು, ಎದ್ದು ಮತ್ತೆ ದಾಟುವುದು. ಲೋಟದಲ್ಲಿ ಹಾಲು ಹಿಡಿದು ಕುಂಟಿಕೊಂಡು ಹೋಗಿ ನೆಲವೆಲ್ಲ ಚೆಲ್ಲುವುದು. ಒಂದು ಸಲ ಒರೆಸಿದೆ, ಎರಡು ಸಲ ಒರೆಸಿದೆ. ಮೂರನೇ ಸಲ ಬೆನ್ನಿಗೆ ಎರಡು ಬಿಗಿದೆ. ಕಾಲು ಸರಿ ಇದ್ದವರು ಕುಂಟಬಾರದು, ಇನ್ನೊಂದು ಸಲ ಕುಂಟಿದರೆ ನೋಡು ಅಂತ ಕಿರುಚಿದೆ. ಹೌದು, ಹೊಡೆದೆ. ಮುಚ್ಚಿಟ್ಟು ನನಗೆ ಆಗಬೇಕಾದದ್ದೇನೂ ಇಲ್ಲ. ಅವಳು ಅಳಲಿಲ್ಲ. ನೀನು ಚಿಕ್ಕವಳಿದ್ದಾಗ ಏಟು ತಿಂದು ನನ್ನನ್ನು ನೋಡುತ್ತಿದ್ದೆಯಲ್ಲ, ಹಾಗೇ ನೋಡಿದಳು.

ಒಂಬತ್ತು ದಿನದ ಹಿಂದೆ ಒಂದು ಗೊಂಬೆ ಹಿಡಿದುಕೊಂಡು ಬಂದಳು. ಶಿಶುವಿಹಾರದಲ್ಲಿ ಮಾಡಿದ್ದಂತೆ, ಅವಳೇ ಹೊಲಿದದ್ದಂತೆ. ದಪ್ಪ ಸೂಜಿ, ಗೋಣಿದಾರದಷ್ಟು ದಪ್ಪ ದಾರ, ಮೊಳಕ್ಕೊಂದು ಹೊಲಿಗೆ. ತಲೆಗೆ ಹಳೇ ಕಾಲುಚೀಲ, ಕಣ್ಣಿಗೆ ಎರಡು ಬೇರೆ ಬೇರೆ ಅಂಗಿಗುಂಡಿ, ಬಾಯಿಯೇ ಇಲ್ಲ. ಮೈಗೆಲ್ಲ ನೀಲಿ ಚೌಕುಳಿ. ಒಂದು ಕಾಲು ಉದ್ದಕ್ಕೆ ಇದೆ. ಇನ್ನೊಂದು ಕಡೆ ಬರೀ ಗಂಟು.

ಅದನ್ನು ನೋಡಿದರೆ ಯಾರಿಗಾದರೂ ತಿಳಿಯಬೇಕಿತ್ತು. ನನಗೆ ಹೊಲಿಗೆ ಕಂಡಿತು, ಬೇರೇನೂ ಕಾಣಲಿಲ್ಲ. ಕೆಟ್ಟ ಹೊಲಿಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೆ ಗೊತ್ತು. ನಿನ್ನ ಮದುವೆಯ ದಿನವೂ ಬೀಗಿತ್ತಿಯ ರವಿಕೆಯ ತೋಳು ಬಿಚ್ಚಿ ಹೊಲಿದುಕೊಟ್ಟವಳು ನಾನು. ಗುಂಡಿ ಊಟ ಮಾಡಿ ಮಲಗಿದ್ದಳು. ಗೊಂಬೆಯನ್ನು ಬಿಚ್ಚಿದೆ. ಕೈಗಳನ್ನು ನೇರ ಮಾಡಿದೆ, ಹತ್ತಿ ತುಂಬಿದೆ, ಕೆಂಪು ದಾರದಲ್ಲಿ ನಗುವ ಬಾಯಿ ಹಾಕಿದೆ. ಪೈಜಾಮದ ಇನ್ನೊಂದು ತುಂಡು ಮನೆಯಲ್ಲೇ ಇತ್ತಲ್ಲ, ಅದರಲ್ಲಿ ಚೌಕುಳಿಗೆ ಚೌಕುಳಿ ಕೂಡಿಸಿ ಎರಡನೇ ಕಾಲು ಹೊಲಿದೆ. ಎಲ್ಲಿ ಸೇರಿಸಿದ್ದು ಅಂತ ಕಾಣುತ್ತಲೇ ಇರಲಿಲ್ಲ. ಎದ್ದು ನೋಡಿದರೆ ಕುಣಿದಾಡುತ್ತಾಳೆ ಅಂತ ಅವಳ ದಿಂಬಿನ ಪಕ್ಕ ಮಲಗಿಸಿದೆ.

ಎದ್ದಳು. ನೋಡಿದಳು. ಗೊಂಬೆಯ ಹೊಸ ಕಾಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ನೋಡಿದಳು. ತಂದು ನನ್ನ ಮಿಷನ್ ಮೇಲೆ ಮುಖ ಕೆಳಗೆ ಮಾಡಿ ಇಟ್ಟಳು, ಒಳಗೆ ಹೋದಳು. ಅವತ್ತಿಗೆ ಮಾತು ನಿಂತಿತು. ಕರೆದರೆ ಬರುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ, ತಲೆ ಬಾಚಿದರೆ ಕೂರುತ್ತಾಳೆ. ಅಪ್ಪನ ಜೊತೆ ಮಾತಾಡುತ್ತಾಳೆ, ಅದೂ ಪಿಸುಮಾತು. ನನ್ನ ಮುಂದೆ ಬಾಯಿ ಹೊಲಿದುಕೊಂಡ ಹಾಗೆ. ಈ ಮನೆಯಲ್ಲಿ ಮಿಷನ್ ಸದ್ದು ಬಿಟ್ಟರೆ ಸದ್ದಿಲ್ಲ. ಮೊದಲೆರಡು ದಿನ ಬೈದೆ. ಮೂರನೇ ದಿನ ಬಿಸ್ಕತ್ತು ತಂದೆ. ನಾಲ್ಕನೇ ದಿನ ಶಿಶುವಿಹಾರಕ್ಕೆ ಜಗಳ ಕಾಯಲು ಹೋದೆ.

ಟೀಚರಮ್ಮ ನನ್ನ ಮಾತಿಗೆ ಎದುರಾಡಲಿಲ್ಲ. ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿ, ಹತ್ತು ನಿಮಿಷ ಸುಮ್ಮನೆ ಕೂತು ನೋಡಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ ಅಂದಳು. ಮಕ್ಕಳ ಕುರ್ಚಿ, ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ. ಆ ಅವತಾರದಲ್ಲಿ ಕೂತು ನೋಡಿದೆ.

ಮೂಲೆಯಲ್ಲಿ ನಾಲ್ಕು ಕುರ್ಚಿ ಸಾಲಾಗಿಟ್ಟು ಬಿಳಿ ಬಟ್ಟೆ ಹೊದಿಸಿದ್ದರು. ಅದು ಆಸ್ಪತ್ರೆ. ಈಚೆ ಕಡೆ ದೊಡ್ಡ ರಟ್ಟಿನ ಪೆಟ್ಟಿಗೆ, ಅದು ಮನೆ. ಗುಂಡಿ ಬಲಗಾಲನ್ನು ಹಿಂದಕ್ಕೆ ಮಡಚಿ ಟವೆಲಿನಿಂದ ಕಟ್ಟಿಕೊಂಡಿದ್ದಳು, ಎರಡು ಕಂಕುಳಲ್ಲಿ ಎರಡು ಕಸಪೊರಕೆಯ ಕೋಲು. ಆಟದ ಹೆಸರು 'ಅಮ್ಮ ಮನೆಗೆ ಬರೋದು'. ಅವಳೇ ಅಮ್ಮ. ಇನ್ನೊಂದು ಮಗು ಗುಂಡಿ. ಎರಡು ಜಡೆಯ ಒಬ್ಬಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ, "ಬಟ್ಟೆ ಸಾಲಲಿಲ್ಲ, ಬಟ್ಟೆ ಸಾಲಲಿಲ್ಲ." ಅದು ಯಾರು ಅಂತ ಟೀಚರಮ್ಮ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮಗುವಿಗೆ ಬಾಯಾರಿಕೆ ಅಂತೆ, ಅಮ್ಮ ನೀರು ತಂದುಕೊಡಬೇಕು. ಕೈಯಲ್ಲಿ ಕೋಲು ಇದೆ, ಲೋಟ ಹಿಡಿಯುವುದು ಹೇಗೆ? ಮೊದಲ ದಿನ ಒಂದು ಕೋಲು ಬಿಟ್ಟು ಲೋಟ ಹಿಡಿದು ಬಿದ್ದಳಂತೆ. ಮಾರನೇ ದಿನ ಲೋಟವನ್ನು ಹಲ್ಲಿನಲ್ಲಿ ಕಚ್ಚಿಕೊಂಡಳಂತೆ, ಅಂಗಿ ಒದ್ದೆ. ಒಂದು ದಿನ ನೀರನ್ನೇ ತಳ್ಳಿಕೊಂಡು ಹೋಗುತ್ತೇನೆ ಅಂತ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೋಲಿನಿಂದ ನೂಕಿದಳಂತೆ. ಈಗ ಕೊರಳಿಗೆ ಒಂದು ಚೀಲ ನೇತುಹಾಕಿಕೊಂಡಿದ್ದಳು, ಅದರಲ್ಲಿ ಮುಚ್ಚಳ ಇರುವ ಬಾಟಲಿ. ಕುಂಟಿಕೊಂಡು ಬಂದಳು. ಒಂದು ಹನಿ ಚೆಲ್ಲಲಿಲ್ಲ. ರಟ್ಟಿನ ಮನೆಗೆ ಹೊಸ್ತಿಲು ಎತ್ತರ ಆಯಿತು ಅಂತ ಈಚೆಗೊಂದು ಆಚೆಗೊಂದು ಮರದ ತುಂಡು ಇಟ್ಟಿದ್ದಳು.

ಟೀಚರಮ್ಮ ನನ್ನ ಪಕ್ಕ ನೆಲದ ಮೇಲೆ ಕೂತು ಹೇಳಿದಳು, "ಅವಳು ದಾರ ಕೇಳಿದಾಗ ನಾನು ದಾರ ಕೊಟ್ಟೆ, ಬಾಟ್ಲಿ ಕೇಳಿದಾಗ ಬಾಟ್ಲಿ ಕೊಟ್ಟೆ, ಅಷ್ಟೇ ಅಜ್ಜಿ. ಮಿಕ್ಕಿದ್ದೆಲ್ಲ ಅವಳೇ. ಅಮ್ಮ ಬಂದ್ಮೇಲೆ ಮನೇಲಿ ಹೇಗಿರೋದು ಅಂತ ಆಡ್ತಾ ಆಡ್ತಾ ಕಲೀತಿದಾಳೆ."

ನಾನು ಒರೆಸಿದ ಹಾಲು, ನಾನು ಕೊಟ್ಟ ಏಟು, ಎಲ್ಲ ಒಟ್ಟಿಗೆ ನೆನಪಾಯಿತು. ಟೀಚರಮ್ಮ ನನ್ನ ಕಡೆ ತಿರುಗಿ, "ಗೊಂಬೆಗೆ ಎರಡನೇ ಕಾಲು ಯಾರು ಹಾಕಿದ್ದು?" ಅಂದಳು. ಗುಂಡಿ ಅಲ್ಲಿ ಹೇಳಿದ್ದಳಂತೆ. ನಾನೇ ಅಂದೆ.

"ಅವಳನ್ನ ಕೇಳಿದ್ರಾ?"

ಎರಡೇ ಮಾತು. ಅರವತ್ತೆಂಟು ವರ್ಷದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ.

ಇಲ್ಲಿಗೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ, ನನ್ನ ಪಾಡಿಗೆ ನಾನು ಬೇಯುತ್ತಿದ್ದೆ. ಆಟದ ಕೊನೆ ನೋಡಿದೆ. ಅಮ್ಮ ಹೊಸ್ತಿಲು ದಾಟಿ ಒಳಗೆ ಬರುತ್ತಾಳೆ. ಆಗ ಒಳಗಿರುವ ಮಗು ಎರಡೂ ಕೈಯಲ್ಲಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳಬೇಕು. ಅವತ್ತು ಆ ಮಗು ಬೆರಳ ಸಂದಿಯಿಂದ ಇಣುಕಿತು. ಗುಂಡಿ ತಕ್ಷಣ ಕೋಲು ತಿರುಗಿಸಿಕೊಂಡು ವಾಪಸ್ ಹೊರಟಳು. ಹೋಗಿ ಬಿಳಿ ಬಟ್ಟೆಯ ಮೇಲೆ ಮಲಗಿ ಗೋಡೆಗೆ ಮುಖ ಮಾಡಿದಳು. ಯಾಕೆ ಹಾಗೆ ಅಂತ ಟೀಚರಮ್ಮ ಹಿಂದೆಯೇ ಒಂದು ಸಲ ಕೇಳಿದ್ದಳಂತೆ. ಅದಕ್ಕೆ ಇವಳು ಹೇಳಿದ್ದು, "ನೋಡಿದ್ರೆ ಅಮ್ಮ ವಾಪಸ್ ಹೋಗ್ತಾಳೆ."

ಮಗು ನೋಡಬಾರದು, ಮಗು ನೋಡಬಾರದು ಅಂತ ನಾನೂ ನಿನ್ನ ಗಂಡನೂ ಅಡುಗೆಮನೆಯಲ್ಲಿ ಎಷ್ಟು ಸಲ ಮಾತಾಡಿದ್ದೇವೋ. ಗೋಡೆಗೆ ಕಿವಿ ಇತ್ತು, ಆ ಕಿವಿಗೆ ನಾಲ್ಕೂವರೆ ವರ್ಷ. ನಿನ್ನ ಕಾಲು ಹೋದದ್ದಕ್ಕೆ ಅವಳು ಹೆದರಿಲ್ಲ ಕಣೇ. ಅದಕ್ಕೆ ಅವಳು ಚೀಲ ಮಾಡಿದ್ದಾಳೆ, ಮರದ ತುಂಡು ಇಟ್ಟಿದ್ದಾಳೆ. ತನ್ನ ಕಣ್ಣು ನಿನ್ನ ಮೇಲೆ ಬಿದ್ದರೆ ನೀನು ಬರುವುದಿಲ್ಲ ಅಂತ ಹೆದರಿದ್ದಾಳೆ. ಅದನ್ನು ಅವಳಿಗೆ ಕಲಿಸಿದವರು ನೀನು ಮತ್ತು ನಾನು. ಅದಕ್ಕೆ ಮಾತ್ರ ಶಿಶುವಿಹಾರ ಬೇಕಾಗಲಿಲ್ಲ.

ನಿನ್ನೆ ಸಂಜೆ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳನ್ನು ಎದುರಿಗೆ ಕೂರಿಸಿಕೊಂಡು, ಈ ಕಾಲು ಬಿಚ್ಚಲಾ ಅಂತ ಕೇಳಿದೆ. ಬಿಚ್ಚು ಅನ್ನುವ ಹಾಗೆ ತಲೆಯಾಡಿಸಿದಳು. ಈ ಬಾಯಿ? ಅದಕ್ಕೂ ತಲೆಯಾಡಿಸಿದಳು. ಒಂದೊಂದೇ ಹೊಲಿಗೆ ಬಿಚ್ಚಿದೆ. ಕಾಲು ಬಿಚ್ಚಿದ ಕಡೆ ಹತ್ತಿ ಹೊರಗೆ ಬಂತು. ಅವಳು ಅಲ್ಲಿ ಬೆರಳಿಟ್ಟು ಒತ್ತಿ ಹಿಡಿದುಕೊಂಡಳು. ದಾರ ಸುತ್ತಿ ಎಳೆಯುವಾಗ, ಎಂಟು ದಿನದ ಮೇಲೆ, ನನ್ನ ಹತ್ತಿರ ಒಂದು ಮಾತಾಡಿದಳು.

"ಗಂಟು ಮೆಲ್ಲಗೆ ಹಾಕು."

ಮೆಲ್ಲಗೆ ಹಾಕಿದೆ. ಇವತ್ತು ಬೆಳಿಗ್ಗೆ ಮತ್ತೆ ಮೌನ. ಒಂದು ಮಾತಿಗೆ ಎಲ್ಲ ಸರಿಹೋಗುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇದರ ಜೊತೆ ಒಂದು ಕೊರಳಚೀಲ ಕಳಿಸಿದ್ದೇನೆ. ಎರಡೂ ಕೈಯಲ್ಲಿ ಊರುಗೋಲು ಇರುವಾಗ ನೀರಿನ ಬಾಟಲಿಗೆ, ಔಷಧಿಗೆ, ಫೋನಿಗೆ ಆಗುತ್ತದೆ. ಹೊಲಿಗೆ ನನ್ನದು, ಬುದ್ಧಿ ಅವಳದು. ಪಟ್ಟಿ ಎಷ್ಟುದ್ದ, ಬಾಯಿ ಯಾವ ಕಡೆ ಅಂತ ಅವಳನ್ನು ಕೇಳಿಯೇ ಮಾಡಿದ್ದು. ಬೆರಳಲ್ಲಿ ತೋರಿಸಿದಳು. ಪಟ್ಟಿ ಗಿಡ್ಡ ಆಯಿತು ಅಂತ ನನಗೆ ಅನಿಸಿತ್ತು. ಬಾಯಿ ಮುಚ್ಚಿಕೊಂಡು ಅವಳು ತೋರಿಸಿದಷ್ಟೇ ಕತ್ತರಿಸಿದೆ. ಹಾಕಿ ನೋಡಿಕೊಂಡೆ, ಅವಳದೇ ಸರಿ. ಉದ್ದ ಇದ್ದರೆ ನಡೆಯುವಾಗ ಬಾಟಲಿ ಹೊಟ್ಟೆಗೆ ಬಡಿಯುತ್ತದೆ.

ಈಗ ನಾನು ನಿನ್ನನ್ನು ಕೇಳುವುದು ಒಂದೇ. ಈ ಭಾನುವಾರ ನಾಲ್ಕು ಗಂಟೆಗೆ ಅವಳನ್ನು ಕರೆದುಕೊಂಡು ಬರಲಾ? ನೀನು ಎದ್ದು ನಿಲ್ಲಬೇಕಾಗಿಲ್ಲ, ಹೊದಿಕೆ ಎಳೆದುಕೊಳ್ಳಬೇಕಾಗಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಒಳಗೆ ಬರುತ್ತಾಳೆ, ಬರೆದುಕೊಡುತ್ತೇನೆ. ಕೈ ತೆಗಿ, ನೋಡು ಅಂತ ನೀನು ಹೇಳಬೇಕು. ಅದನ್ನು ಬೇರೆ ಯಾರು ಹೇಳಿದರೂ ಅವಳು ತೆಗೆಯುವುದಿಲ್ಲ. ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ದುಡಿದವಳು, ನಿಲ್ಲಲಾರದವಳಾಗಿ ಮಗಳ ಮುಂದೆ ಇರುವುದು ನಿನಗೆ ಕಷ್ಟ, ಅದು ನನಗೆ ತಿಳಿಯದೆ ಇಲ್ಲ. ಆದರೆ ಐದು ತಿಂಗಳು ಹೋದರೆ ಆ ಕೈ ಕಣ್ಣಿನಿಂದ ಇಳಿಯುತ್ತದೋ ಇಲ್ಲವೋ. ಬೇಡ ಅಂದರೆ ದಾದಿಯ ಹತ್ತಿರ ಹೇಳಿ ಕಳಿಸು. ನಾನು ಜಗಳ ಮಾಡುವುದಿಲ್ಲ.

ಇನ್ನು ನಿನ್ನ ಗಂಡನ ವಿಷಯ. ಈ ಕಾಗದವನ್ನೂ ಅವನೇ ತರುತ್ತಾನೆ. ಗ್ಯಾರೇಜಿನ ಕೆಲಸ ಮುಗಿಸಿ, ಕೈಯ ಗ್ರೀಸು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದು ದಾದಿಯ ಕೈಗೆ ಕೊಟ್ಟು, ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಭೇಟಿಯ ಹೊತ್ತು ಮುಗಿಯುವವರೆಗೆ ಕೂತಿದ್ದು ಹೋಗುತ್ತಾನೆ. ನೀನು ಎರಡು ಸಲ ಬಾಗಿಲಿಂದಲೇ ಕಳಿಸಿದ ಮೇಲೆ ಮೇಲಕ್ಕೆ ಹತ್ತುವುದಿಲ್ಲ. ನನ್ನನ್ನ ಒಂದು ಮಾತು ಕೇಳದೆ ಕಾಲು ತೆಗೆಯೋದಕ್ಕೆ ರುಜು ಹಾಕಿದವನ ಮುಖ ನೋಡಲ್ಲ ಅಂತ ನೀನು ಅಂದಾಗ ನಾನು ಅಲ್ಲೇ ನಿಂತಿದ್ದೆ, ನಿನ್ನ ಕಂಬಳಿ ಮಡಚುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಆ ವಿಷಯ ಇಲ್ಲಿ ಬರೆಯುವುದಿಲ್ಲ.

ಹಾಲು ಕುಡಿ. ಊಟ ವಾಪಸ್ ಕಳಿಸಬೇಡ.

ಮೆಲ್ಲಗೆ ಗಂಟು ಹಾಕುವುದನ್ನು ಈಗ ಕಲಿಯುತ್ತಿರುವ,
ನಿನ್ನ ಅಮ್ಮ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ರುಜು ಹಾಕಿದ್ದು ಅವನಲ್ಲ. ಡಾಕ್ಟರು ಕಾಗದ ಹಿಡಿದು ಬಂದಾಗ, ಅವಳಿಗೆ ಎಚ್ಚರ ಬರಲಿ ಡಾಕ್ಟ್ರೇ, ಅವಳನ್ನೇ ಒಂದು ಮಾತು ಕೇಳೋಣ ಅಂತ ಅವನು ಕೈಮುಗಿದು ನಿಂತಿದ್ದ. ಕಾದರೆ ಜೀವ ಉಳಿಯುವುದಿಲ್ಲ, ಇಬ್ಬರಲ್ಲಿ ಯಾರಾದರೂ ಸರಿ, ಬೇಗ ಹಾಕಿ ಅಂದರು. ನಾನು ಪೆನ್ನು ಕಿತ್ತುಕೊಂಡು ಹಾಕಿದೆ. ಬೇಕಾದರೆ ಕಾಗದ ತರಿಸಿ ನೋಡು, ನನ್ನ ಸೊಟ್ಟ ಅಕ್ಷರ ನಿನಗೆ ಗುರುತು ಸಿಗುತ್ತದೆ. ನಿನಗೆ ಎಚ್ಚರವಾಗುವ ಮೊದಲೇ ಅವನು ನನಗೆ ಹೇಳಿದ, "ನಾನೇ ಹಾಕ್ದೆ ಅಂತೀನಿ ಅತ್ತೆ. ನಿಮ್ಮ ಮೇಲೆ ಕೋಪ ಬಂದ್ರೆ ಅವಳನ್ನ ನೋಡ್ಕೊಳ್ಳೋರು ಯಾರು?" ನಾನು ಒಪ್ಪಿಕೊಂಡೆ. ಏಳು ವಾರ ಒಪ್ಪಿಕೊಂಡೇ ಇದ್ದೆ. ಅಂಥದೇ ಹೊತ್ತು ಮತ್ತೆ ಬಂದರೆ ಮತ್ತೆ ಹಾಕುತ್ತೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಿನಗೆ ಹೇಳದೆ ಅವನನ್ನು ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಕೇಳುತ್ತೇನೆ. ಭಾನುವಾರ ನೀನು ಒಪ್ಪಿದರೆ ನಿನ್ನ ಬಾಗಿಲಲ್ಲಿ ಮೂವರು ನಿಂತಿರುತ್ತೇವೆ. ಒಬ್ಬರನ್ನು ಹೊರಗೆ ಕಳಿಸಲೇಬೇಕು ಅಂತಿದ್ದರೆ, ಈ ಸಲ ಸರಿಯಾದವರನ್ನು ಕಳಿಸು.